ರಿಜಿಸ್ಟರಿನಲ್ಲಿ ‘ಮುಚ್ಚಿದೆ’, ಮೈಮೇಲೆ ಒದ್ದೆ ಬಟ್ಟೆ: ಟಾಂಜಾನಿಯಾದ ಒಂದು ಫಿಸ್ಟುಲಾ ಪ್ರಕರಣ

ಈಕೆಯನ್ನು ನೀಮಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಊರು, ವರ್ಷ, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಾಯಿಸಿದ್ದೇನೆ. ಟಾಂಜಾನಿಯಾದಲ್ಲಿ ದಾನಿಗಳ ದುಡ್ಡಿನಿಂದ ನಡೆಯುವ ಒಂದು ಫಿಸ್ಟುಲಾ ವಾರ್ಡಿನಲ್ಲಿ ನಾನು ನರ್ಸ್ ಆಗಿದ್ದಾಗ ನೋಡಿದ ಪ್ರಕರಣ ಇದು. ಅಲ್ಲಿ ಆಪರೇಷನ್, ಊಟ, ಬಸ್ ಚಾರ್ಜು ಎಲ್ಲ ಉಚಿತ.

ಬೇರೆ ಎಷ್ಟೋ ಹೆಂಗಸರ ಕಥೆ ಇದಕ್ಕಿಂತ ಚೆನ್ನಾಗಿ ಮುಗಿದಿದೆ. ಆದರೂ ಇವಳದ್ದನ್ನೇ ಬರೆಯುತ್ತಿದ್ದೇನೆ. ಯಾಕೆಂದರೆ ಇವಳ ವಿಷಯದಲ್ಲಿ ನಮ್ಮ ರಿಜಿಸ್ಟರ್ ಒಂದು ಹೇಳಿತು, ಇವಳ ಬಟ್ಟೆ ಇನ್ನೊಂದು ಹೇಳಿತು. ನಾವು ಮೊದಲು ನಂಬಿದ್ದು ರಿಜಿಸ್ಟರನ್ನು.

ಫಿಸ್ಟುಲಾ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಹೆರಿಗೆಯಲ್ಲಿ ಕೆಲವೊಮ್ಮೆ ಮಗುವಿನ ತಲೆ ತಾಯಿಯ ಸೊಂಟದ ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನೋವು ಬರುತ್ತಲೇ ಇರುತ್ತದೆ, ತಲೆ ಮುಂದಕ್ಕೆ ಬರುವುದಿಲ್ಲ. ಒಂದು ಕಡೆ ತಲೆಬುರುಡೆ, ಇನ್ನೊಂದು ಕಡೆ ಮೂಳೆ. ನಡುವೆ ಸಿಕ್ಕಿದ ಮೂತ್ರಕೋಶ ಮತ್ತು ಯೋನಿಯ ಮೆತ್ತನೆ ಗೋಡೆಗೆ ರಕ್ತ ಹರಿಯುವುದು ನಿಂತುಹೋಗುತ್ತದೆ. ಹೀಗೇ ಒಂದೆರಡು ದಿನ ಕಳೆದರೆ ಆ ಜಾಗ ಸತ್ತುಹೋಗುತ್ತದೆ. ಹೆರಿಗೆಯಾಗಿ ಸಾಮಾನ್ಯವಾಗಿ ಮೂರರಿಂದ ಹತ್ತು ದಿನದೊಳಗೆ ಸತ್ತ ಭಾಗ ಉದುರಿ ತೂತಾಗುತ್ತದೆ. ಅಲ್ಲಿಂದ ಮೂತ್ರ ಸೋರುವುದು ಶುರುವಾದರೆ ಹಗಲೂ ರಾತ್ರಿ ನಿಲ್ಲುವುದಿಲ್ಲ. ಕೆಲವರಿಗೆ ಗುದನಾಳದ ಕಡೆಗೂ ತೂತಾಗಿ ಮಲವೂ ಸೋರುತ್ತದೆ. ಇಂಥ ಹೆರಿಗೆಯಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಸಿಸೇರಿಯನ್ ಆದರೆ ತಲೆ ಅಷ್ಟು ದಿನ ಸಿಕ್ಕಿಕೊಂಡಿರುವ ಪ್ರಶ್ನೆಯೇ ಬರುವುದಿಲ್ಲ. ಅದಕ್ಕೇ ಇದು ಬಡ ದೇಶಗಳ ಕಷ್ಟವಾಗಿ ಉಳಿದುಬಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ವರ್ಷಕ್ಕೆ 50,000ದಿಂದ 1,00,000 ಹೆಂಗಸರಿಗೆ ಹೊಸದಾಗಿ ಹೀಗಾಗುತ್ತದೆ. ನಾನು ಕರ್ನಾಟಕದಲ್ಲಿ ನರ್ಸಿಂಗ್ ಓದಿ ಕೆಲಸ ಮಾಡಿದ ವರ್ಷಗಳಲ್ಲಿ ನೋಡಿದ್ದು ಗರ್ಭಕೋಶ ತೆಗೆಯುವ ಆಪರೇಷನ್ನಿನಲ್ಲಿ ಮೂತ್ರಕೋಶಕ್ಕೆ ಪೆಟ್ಟಾಗಿ ಆದ ಫಿಸ್ಟುಲಾಗಳನ್ನು ಮಾತ್ರ. ಹೆರಿಗೆ ನೋವಿನಿಂದಲೇ ಆದದ್ದನ್ನು ನೋಡಿದ್ದು ಆಫ್ರಿಕಾಕ್ಕೆ ಹೋದ ಮೇಲೆ.

ಮೂರು ಹಗಲು, ಎರಡು ರಾತ್ರಿ

ನೀಮಾ ದೇಶದ ಪಶ್ಚಿಮ ಭಾಗದವಳು. ಮೆಕ್ಕೆಜೋಳ, ಮರಗೆಣಸು ಬೆಳೆಯುವ ಹಳ್ಳಿ. ಚೊಚ್ಚಲ ಬಸುರಿನಲ್ಲಿ ಅವಳಿಗೆ 19 ವರ್ಷ. ಫಿಸ್ಟುಲಾ ಆಗುವುದು ಹನ್ನೆರಡು ಹದಿಮೂರರ ಹುಡುಗಿಯರಿಗೇ ಅಂತ ನಾನು ಅಂದುಕೊಂಡಿದ್ದೆ. ಹಾಗೇನಿಲ್ಲ. ನಮ್ಮ ವಾರ್ಡಿನಲ್ಲಿ ನಾಲ್ಕನೇ ಹೆರಿಗೆಯಲ್ಲಿ ಹೀಗಾದವರೂ ಇದ್ದರು. ನೀಮಾ ಕುಳ್ಳಗಿದ್ದಳು, ಮಗು ದಪ್ಪಗಿತ್ತು, ಅಷ್ಟೇ. ಬಸುರಿನಲ್ಲಿ ಮೂರು ಸಲ ತಪಾಸಣೆಗೂ ಹೋಗಿದ್ದಳು. ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿ ಅಂತ ಅಲ್ಲಿ ಹೇಳಿಯೂ ಇದ್ದರು.

ನೋವು ಕಾಣಿಸಿಕೊಂಡದ್ದು ಒಂದು ಬೆಳಿಗ್ಗೆ. ಸೂಲಗಿತ್ತಿ ಬಂದಳು. ಚೊಚ್ಚಲು ಅಲ್ವಾ, ತಡವಾಗುತ್ತದೆ ಅಂತ ಅತ್ತೆ ಹೇಳಿದರು. ಅದು ಕೆಟ್ಟ ಮಾತೇನಲ್ಲ, ನಮ್ಮ ಊರುಗಳಲ್ಲೂ ಅಜ್ಜಿಯರು ಹೇಳುವ ಮಾತೇ. ಎರಡನೇ ದಿನ ಸಂಜೆ ಗಂಡ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹತ್ತಿರದ ಡಿಸ್ಪೆನ್ಸರಿಗೆ ಕರೆದೊಯ್ದ. ಅಲ್ಲಿನ ನರ್ಸ್ ಮುಟ್ಟಿ ನೋಡಿ, ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ವಾಹನ ಇರಲಿಲ್ಲ. ಬಾಡಿಗೆ ಪಿಕಪ್ಪಿಗೆ ದುಡ್ಡು ಹೊಂದಿಸುವಷ್ಟರಲ್ಲಿ ರಾತ್ರಿ ಕಳೆಯಿತು. ಮೂರನೇ ದಿನ ಮಧ್ಯಾಹ್ನ ಜಿಲ್ಲಾಸ್ಪತ್ರೆ ತಲುಪಿದರು. ಅಲ್ಲಿ ಓಟಿ, ಅಂದರೆ ಆಪರೇಷನ್ ಥಿಯೇಟರು, ಒಂದೇ. ಅದರಲ್ಲಿ ಬೇರೆಯವರಿದ್ದರು. ಸಿಸೇರಿಯನ್ ಆದಾಗ ಕತ್ತಲಾಗಿತ್ತು. ಗಂಡು ಮಗು. ಉಸಿರಿರಲಿಲ್ಲ.

ತಾಯಂದಿರ ಸಾವಿನ ಬಗ್ಗೆ ಓದಿದವರಿಗೆ ‘ಮೂರು ತಡ’ಗಳು ಗೊತ್ತಿರುತ್ತವೆ. 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬಿಬ್ಬರು ಬರೆದದ್ದು. ಹೋಗಬೇಕು ಅಂತ ತೀರ್ಮಾನ ಮಾಡುವಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆ ಮುಟ್ಟಿದ ಮೇಲೂ ತಡ. ನೀಮಾಳ ಮೂರು ದಿನದಲ್ಲಿ ಮೂರೂ ಇವೆ.

ನಾಲ್ಕನೆಯದೊಂದು ತಪ್ಪು ಇದೆ. ಅದು ಸಣ್ಣದು, ಆದರೆ ಓದುವ ನರ್ಸ್‌ಗಳು ದಯವಿಟ್ಟು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಇಷ್ಟು ದೀರ್ಘ ಹೆರಿಗೆ ನೋವಾದ ಬಾಣಂತಿಗೆ ಮೂತ್ರದ ಪೈಪನ್ನು ಹತ್ತು ಹದಿನಾಲ್ಕು ದಿನ ಹಾಗೇ ಇಡಬೇಕು. ಮೂತ್ರಕೋಶ ಖಾಲಿ ಇದ್ದರೆ ಜಜ್ಜಿದ ಗೋಡೆಯ ಮೇಲೆ ಒತ್ತಡ ಬೀಳುವುದಿಲ್ಲ. ಕೆಲವರಿಗೆ ತೂತಾಗುವುದೇ ತಪ್ಪುತ್ತದೆ. ಸಣ್ಣ ತೂತಾಗಿದ್ದರೆ ತಾನಾಗಿ ಮುಚ್ಚಿಕೊಳ್ಳುವುದೂ ಉಂಟು. ನೀಮಾಳ ಪೈಪನ್ನು ಮೂರನೇ ದಿನ ತೆಗೆದರು. ಆರನೇ ದಿನ ಮನೆಗೆ ಕಳಿಸಿದರು. ಏಳನೇ ದಿನ ಬೆಳಿಗ್ಗೆ ಚಾಪೆ ಒದ್ದೆಯಾಗಿತ್ತು. ಪೈಪು ಇಟ್ಟಿದ್ದರೆ ಅವಳಿಗೆ ಫಿಸ್ಟುಲಾ ಆಗುತ್ತಲೇ ಇರಲಿಲ್ಲ ಅಂತ ಹೇಳಲಾರೆ. ಆದರೆ ಒಂದು ಅವಕಾಶವಂತೂ ಹೋಯಿತು.

ನಾಲ್ಕು ವರ್ಷ

ಗಂಡ ಬಿಟ್ಟುಹೋಗಲಿಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಅದಕ್ಕೆ ಹೇಳಿದೆ. ಅವನ ಮನೆಯವರು ಅವಳನ್ನು ತವರಿಗೆ ಕಳಿಸಿದರು. ಅವನು ತಿಂಗಳಿಗೊಮ್ಮೆ ಮೆಕ್ಕೆಜೋಳದ ಹಿಟ್ಟು ಹೊತ್ತುಕೊಂಡು ಬರುತ್ತಿದ್ದ. ಅಂಗಳದಲ್ಲಿ ಕೂತು ಮಾತಾಡಿ ಹೋಗುತ್ತಿದ್ದ.

ಅವಳ ಬಲಗಾಲಿನ ಪಾದ ಮೇಲೆ ಏಳುತ್ತಿರಲಿಲ್ಲ. ಮಗುವಿನ ತಲೆ ಒತ್ತಿದ್ದು ಮೂತ್ರಕೋಶವನ್ನು ಮಾತ್ರ ಅಲ್ಲ, ಕಾಲಿಗೆ ಹೋಗುವ ನರವನ್ನೂ. ನಡೆದರೆ ಹೆಬ್ಬೆರಳು ನೆಲಕ್ಕೆ ತಾಗಿ ಎಳೆಯುತ್ತಿತ್ತು. ದಿನಕ್ಕೆ ಎಂಟು ತುಂಡು ಬಟ್ಟೆ. ಹಳೇ ಕಾಂಗಾಗಳನ್ನು ಹರಿದು ಮಾಡಿಕೊಂಡದ್ದು. ಕಾಂಗಾ ಅಂದರೆ ಅಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಹೂ-ಬಳ್ಳಿಯ ಅಚ್ಚಿನ ಬಟ್ಟೆ. ಅಂಚಿನಲ್ಲಿ ಒಂದು ಗಾದೆಯೋ ಹಾರೈಕೆಯೋ ಅಚ್ಚಾಗಿರುತ್ತದೆ. ಜೋಡಿಯಾಗಿ ಮಾರುತ್ತಾರೆ. ಮದುವೆಗೆ ಬಂದ ಕಾಂಗಾಗಳನ್ನೆಲ್ಲ ಅವಳು ಹರಿದು ಮುಗಿಸಿದ್ದಳು.

ಸೋರುವುದು ಕಡಿಮೆಯಾಗಲಿ ಅಂತ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಹೆಚ್ಚುಕಮ್ಮಿ ಎಲ್ಲರೂ ಮಾಡುವ ಕೆಲಸ ಅದು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ವಾಸನೆ ಜಾಸ್ತಿಯಾಗುತ್ತದೆ, ತೊಡೆಯ ಚರ್ಮ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ. ವಾಸನೆಗೆ ಹೆದರಿ ಇನ್ನೂ ಕಡಿಮೆ ಕುಡಿಯುತ್ತಾರೆ. ಸಂತೆ, ಚರ್ಚು, ನೀರಿನ ಕೊಳಾಯಿ ಯಾವುದಕ್ಕೂ ಅವಳು ಹೋಗುತ್ತಿರಲಿಲ್ಲ.

ನಮ್ಮ ವಾರ್ಡಿನಲ್ಲಿ ಗುಣವಾಗಿ ಹೋದ ಒಬ್ಬ ಹೆಂಗಸು ಆ ಕಡೆಯ ಸಂತೆಯಲ್ಲಿ ಟೊಮೆಟೊ ಮಾರುತ್ತಿದ್ದರು. ಅವರನ್ನು ಮಾಮಾ ಆರ್ ಅನ್ನುತ್ತೇನೆ. ಸ್ವಾಹಿಲಿಯಲ್ಲಿ ಮಾಮಾ ಅಂದರೆ ಅಮ್ಮ. ನೀಮಾಳ ಅಮ್ಮ ಬಟ್ಟೆ ಸೋಪು ಇಷ್ಟೊಂದು ಯಾಕೆ ಕೊಳ್ಳುತ್ತಾಳೆ ಅಂತ ಅವರು ಗಮನಿಸಿದರು. ಸುಮ್ನೆ ಮಾತಿಗೆಳೆದು ಕೇಳಿದರು. ನಾಲ್ಕು ವರ್ಷದಲ್ಲಿ ಯಾವ ಆರೋಗ್ಯ ಕಾರ್ಯಕರ್ತರಿಗೂ ಕಾಣದ್ದು ಒಂದು ಸೋಪಿನಿಂದ ಅವರಿಗೆ ಕಂಡಿತು.

ಬಸ್ಸಿನಲ್ಲಿ ಎರಡು ಸೀಟು

ಉಚಿತ ಆಪರೇಷನ್ ಅಂತ ಬೋರ್ಡು ಹಾಕಿದರೆ ಜನ ಬರುವುದಿಲ್ಲ. ಬಸ್ಸಿನ ದುಡ್ಡೇ ಇರುವುದಿಲ್ಲ. ಇದಕ್ಕೆ ಟಾಂಜಾನಿಯಾದಲ್ಲೇ ಒಂದು ಒಳ್ಳೆಯ ಉಪಾಯ ಹುಟ್ಟಿತು. ದಾರ್ ಎಸ್ ಸಲಾಮಿನ ಸಿಸಿಬಿಆರ್‌ಟಿ ಆಸ್ಪತ್ರೆ 2009ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆಯ ಮೂಲಕ ಪ್ರಯಾಣದ ದುಡ್ಡನ್ನು ಫೋನಿಗೆ ಕಳಿಸುವುದನ್ನು ಶುರು ಮಾಡಿತು. ರೋಗಿಯ ಬಳಿ ಫೋನ್ ಇಲ್ಲದಿದ್ದರೂ, ಊರಲ್ಲಿ ಅವಳನ್ನು ಗುರುತಿಸಿದವರ ಫೋನಿಗೆ ದುಡ್ಡು ಹೋಗುತ್ತದೆ. ನಾವೂ ಅದೇ ದಾರಿ ಹಿಡಿದಿದ್ದೆವು.

ಮಾಮಾ ಆರ್ ಫೋನಿಗೆ ದುಡ್ಡು ಹೋಯಿತು. ಅವರು ನೀಮಾಳನ್ನು ಬಸ್ ಹತ್ತಿಸಿದರು. ಒಂದಿಡೀ ದಿನದ ದಾರಿ. ನೀಮಾ ಬರಲಿಲ್ಲ. ಎರಡು ದಿನ ಕಾದೆವು. ಮೂರನೇ ದಿನ ಗೊತ್ತಾಯಿತು: ನಾಲ್ಕೈದು ಗಂಟೆ ಆದ ಮೇಲೆ ಪಕ್ಕದ ಸೀಟಿನವರು ಕಂಡಕ್ಟರಿಗೆ ದೂರು ಹೇಳಿದ್ದಾರೆ. ಅವನು ಅವಳನ್ನು ಹಿಂದಿನ ಬಾಗಿಲ ಹತ್ತಿರ ನಿಂತುಕೋ ಅಂದಿದ್ದಾನೆ. ಮುಂದಿನ ಸ್ಟಾಪಿನಲ್ಲಿ ಅವಳೇ ಇಳಿದುಬಿಟ್ಟಿದ್ದಾಳೆ. ವಾಪಸ್ ಹೋಗಲು ಮತ್ತೊಂದು ಬಸ್ ಹತ್ತುವ ಧೈರ್ಯ ಇರಲಿಲ್ಲ. ಲಾರಿಯ ಹಿಂದೆ ಕೂತು ಊರಿಗೆ ಹೋದಳು.

ನಮ್ಮ ಆಫೀಸಿನ ಪಟ್ಟಿಯಲ್ಲಿ ಆಗ ಅವಳ ಹೆಸರಿನ ಮುಂದೆ ‘ಬರಲಿಲ್ಲ’ ಅಂತ ಬಿದ್ದಿತ್ತು. ಅದನ್ನು ಹಾಗೇ ಬಿಡಬಹುದಿತ್ತು. ದುಡ್ಡು ತೆಗೆದುಕೊಂಡು ಬಾರದವರು ಬೇರೆಯವರೂ ಇದ್ದರು. ನಮ್ಮ ಸಂಯೋಜಕಿ ಮಾತ್ರ ಪಟ್ಟು ಬಿಡಲಿಲ್ಲ. ಎರಡನೇ ಸಲ ದುಡ್ಡು ಕಳಿಸಿದ್ದು ಮೂರು ಸೀಟಿಗೆ. ಎರಡು ನೀಮಾಳಿಗೆ, ಒಂದು ಮಾಮಾ ಆರ್‌ಗೆ. ಜೊತೆಗೆ ಒಂದು ಪ್ಲಾಸ್ಟಿಕ್ ಹಾಳೆ, ಹತ್ತು ತುಂಡು ಹೊಸ ಬಟ್ಟೆ, ಮುಚ್ಚಳದ ಬಕೆಟ್ಟು. ಮಾಮಾ ಆರ್ ಕಿಟಕಿ ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿ, ನಡುವೆ ಖಾಲಿ ಬಿಟ್ಟು, ತಾವು ಈಚೆ ಕೂತರು. ಯಾರಾದರೂ ತಿರುಗಿ ನೋಡಿದರೆ ನಾನೂ ಹೀಗೇ ಇದ್ದೆ ಅಂತ ಗಟ್ಟಿಯಾಗಿ ಹೇಳುತ್ತಿದ್ದರಂತೆ.

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಯಾವುದು ಅಂತ ಕೇಳಿದರೆ ನಾನು ಓಟಿಯನ್ನು ತೋರಿಸುವುದಿಲ್ಲ, ಆ ಮೂರು ಟಿಕೆಟ್ಟನ್ನು ತೋರಿಸುತ್ತೇನೆ.

ಈಗಲೇ ಮಾಡುವುದೋ, ಕಾಯುವುದೋ

ಪರೀಕ್ಷೆ ಸರಳ. ಮೂತ್ರಕೋಶಕ್ಕೆ ಪೈಪಿನಲ್ಲಿ ನೀಲಿ ಬಣ್ಣದ ನೀರು ಬಿಡುತ್ತಾರೆ. ಎಲ್ಲಿಂದ ನೀಲಿ ಹೊರಬರುತ್ತದೋ ಅಲ್ಲಿ ತೂತು. ನೀಮಾಳದ್ದು ಎರಡೂವರೆ ಸೆಂಟಿಮೀಟರ್ ಇತ್ತು. ಗಾತ್ರಕ್ಕಿಂತ ಜಾಗ ಕೆಟ್ಟದ್ದು. ಮೂತ್ರಕೋಶದ ಕುತ್ತಿಗೆಯ ಹತ್ತಿರ, ಮೂತ್ರವನ್ನು ಬಿಗಿಹಿಡಿಯುವ ಸ್ನಾಯು ಇರುವ ಕಡೆ. ಸುತ್ತ ಗಾಯ ಮಾಗಿ ಗಟ್ಟಿಯಾಗಿತ್ತು. ಹಿಮೋಗ್ಲೋಬಿನ್ 8, ಅಂದರೆ ಮೈಯಲ್ಲಿ ರಕ್ತ ಕಡಿಮೆ. ತೊಡೆಯ ಚರ್ಮ ಕಿತ್ತುಹೋಗಿತ್ತು.

ಆ ವಾರ ಹೊರಗಿನಿಂದ ಒಬ್ಬ ಸರ್ಜನ್ ಬರುವವರಿದ್ದರು. ಪಟ್ಟಿಯಲ್ಲಿ ಇವಳನ್ನೂ ಸೇರಿಸೋಣ ಅಂತ ನಾನು ಹೇಳಿದೆ. ಇಷ್ಟು ಕಷ್ಟಪಟ್ಟು ಬಂದಿದ್ದಾಳೆ, ಕಾಯಿಸಿದರೆ ಎದ್ದು ಹೋಗಿಬಿಡುತ್ತಾಳೆ ಅನ್ನುವ ಹೆದರಿಕೆ ನನಗೆ. ನಮ್ಮ ವಾರ್ಡಿನ ಹಿರಿಯ ಸರ್ಜನ್, ಅಲ್ಲಿಯವರೇ, ಒಪ್ಪಲಿಲ್ಲ. ಮೊದಲ ಆಪರೇಷನ್ನಿನಲ್ಲಿ ಸಿಗುವ ಅವಕಾಶ ಎರಡನೆಯದರಲ್ಲಿ ಸಿಗುವುದಿಲ್ಲ, ಮೂರನೆಯದರಲ್ಲಿ ಇನ್ನೂ ಕಡಿಮೆ ಅಂದರು. ರಕ್ತ ಇಲ್ಲದ ಮೈಯಲ್ಲಿ ಹೊಲಿಗೆ ಕೂಡುವುದಿಲ್ಲ. ಮೂರು ವಾರ ಉಣ್ಣಿಸಿ, ಆಮೇಲೆ ನನ್ನ ಹತ್ತಿರ ತನ್ನಿ.

ಅವರದ್ದೇ ಸರಿ. ಹೋಗಿಬಿಡುತ್ತಾಳೆ ಅನ್ನುವುದಕ್ಕೆ ಉತ್ತರ ಬೇಗ ಕೊಯ್ಯುವುದಲ್ಲ, ಅವಳು ಇರುವ ಹಾಗೆ ನೋಡಿಕೊಳ್ಳುವುದು. ಅದು ನನ್ನ ಕೆಲಸವಾಗಿತ್ತು.

ಆ ಮೂರು ವಾರ ಕಬ್ಬಿಣದ ಮಾತ್ರೆ, ಬೀನ್ಸ್, ಮೊಟ್ಟೆ, ಬೆಳಿಗ್ಗೆ ಉಜಿ. ಉಜಿ ಅಂದರೆ ಗಂಜಿ. ನಮ್ಮ ವಾರ್ಡಿನಲ್ಲಿ ಉಲೇಜಿಯ ಹಿಟ್ಟಿನಲ್ಲಿ ಮಾಡುತ್ತಿದ್ದರು. ಉಲೇಜಿ ಬೇರೇನಲ್ಲ, ನಮ್ಮ ರಾಗಿ. ಮೊದಲ ದಿನ ಆ ಪಾತ್ರೆಯ ಮುಚ್ಚಳ ತೆಗೆದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ನೀಮಾಳಿಗೆ ನಮ್ಮ ಮನೆಯಲ್ಲೂ ಇದನ್ನೇ ಕುಡಿಯುತ್ತೇವೆ ಅಂತ ಹೇಳಿದೆ. ಅವಳು ನಂಬಲಿಲ್ಲ. ಇಂಡಿಯಾದವರು ಚಪಾತಿ ತಿನ್ನುವುದು ಅಂದಳು. ಅವಳು ನನ್ನ ಹತ್ತಿರ ಆಡಿದ ಮೊದಲ ಉದ್ದನೆಯ ಮಾತು ಅದು.

ಕಾಲಿಗೆ ಫಿಸಿಯೋಥೆರಪಿ ಶುರುವಾಯಿತು. ಕಾಂಗಾವನ್ನು ಪಾದದ ಅಡಿಗೆ ಉಯ್ಯಾಲೆಯ ಹಾಗೆ ಹಾಕಿ, ಎರಡು ತುದಿ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದುಕೊಳ್ಳುವುದು. ದಿನಕ್ಕೆ ನೂರು ಸಲ.

ಕಷ್ಟವಾದದ್ದು ನೀರು. ಫಿಸ್ಟುಲಾ ವಾರ್ಡಿನಲ್ಲಿ ಮೂರು ಮಾತೇ ಮಂತ್ರ: ಕುಡಿಯಬೇಕು, ಪೈಪು ಹರಿಯಬೇಕು, ಹಾಸಿಗೆ ಒಣಗಿರಬೇಕು. ದಿನಕ್ಕೆ ನಾಲ್ಕೈದು ಲೀಟರ್ ಕುಡಿ ಅಂತ ಹೇಳಿದರೆ ಅವಳು ತಲೆ ಆಡಿಸುತ್ತಿದ್ದಳು. ಜಗ್ಗು ಖಾಲಿಯಾಗುತ್ತಿತ್ತು. ಆದರೆ ಬಕೆಟ್ಟಿನಲ್ಲಿ ಬೀಳುವ ಮೂತ್ರ ಚಹಾದ ಬಣ್ಣದಲ್ಲೇ ಇತ್ತು. ಒಂದು ದಿನ ನೋಡಿದರೆ, ಕಿಟಕಿಯ ಹೊರಗಿನ ಪಪ್ಪಾಯಿ ಗಿಡದ ಬುಡ ಹಸಿಯಾಗಿತ್ತು. ಬೈಯಲಿಲ್ಲ. ನಾಲ್ಕು ವರ್ಷ ಅವಳನ್ನು ಕಾಪಾಡಿದ ಅಭ್ಯಾಸ ಅದು. ಮಾಮಾ ಆರ್‌ಗೆ ಫೋನ್ ಮಾಡಿ ಕೊಟ್ಟೆ. ಅವರು ಏನು ಹೇಳಿದರೋ ಗೊತ್ತಿಲ್ಲ. ಮಾರನೇ ದಿನದಿಂದ ನನ್ನ ಎದುರೇ ಕುಡಿದು ಲೋಟ ಬೋರಲು ಹಾಕುತ್ತಿದ್ದಳು.

ರಾತ್ರಿ ಮೂರು ಗಂಟೆ

ಆಪರೇಷನ್ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಯೋನಿಯ ಕಡೆಯಿಂದ. ಎರಡು ಗಂಟೆ ಹಿಡಿಯಿತು. ಚೆನ್ನಾಗಿ ಆಯಿತು. ಅದರ ಬಗ್ಗೆ ಹೇಳುವುದು ಇಷ್ಟೇ.

ಆಮೇಲಿನದ್ದೆಲ್ಲ ಪೈಪಿನ ಮೇಲೆ ನಿಂತಿದೆ. ಪೈಪು ಕಟ್ಟಿಕೊಂಡರೆ ಮೂತ್ರಕೋಶ ತುಂಬುತ್ತದೆ, ಹೊಸ ಹೊಲಿಗೆ ಬಿಚ್ಚುತ್ತದೆ. ಸರಳ ಫಿಸ್ಟುಲಾ ಆದರೆ ಪೈಪು 7ರಿಂದ 10 ದಿನ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ನೀಮಾಳದ್ದು ಸರಳವಾದದ್ದಲ್ಲ, ಅದಕ್ಕೆ 14 ದಿನ ಅಂತ ತೀರ್ಮಾನವಾಗಿತ್ತು.

ಆರನೇ ರಾತ್ರಿ, ಮೂರು ಗಂಟೆಯ ಹೊತ್ತು, ಪಕ್ಕದ ಹಾಸಿಗೆಯ ಹೆಂಗಸು ಎದ್ದು ಬಂದು ನನ್ನ ತೋಳು ಹಿಡಿದು ಎಳೆದರು. ನೀಮಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಾಂಗಾವನ್ನು ನಾಲ್ಕು ಮಡಿಕೆ ಮಾಡಿ ಅಡಿಗೆ ಇಟ್ಟುಕೊಂಡಿದ್ದಳು. ಅದು ತೊಯ್ದುಹೋಗಿತ್ತು. ಬ್ಯಾಗು ಖಾಲಿ. ಯಾವಾಗಿಂದ ಅಂತ ಕೇಳಿದೆ. ಹೇಳಲಿಲ್ಲ. ಮೆಲ್ಲಗೆ, “ಸಿಸ್ಟಾ, ನನ್ನದು ಕೆಟ್ಟಿತು. ಬೆಳಿಗ್ಗೆ ಹೇಳೋಣ ಅಂತಿದ್ದೆ” ಅಂದಳು.

ಪೈಪಿನೊಳಗೆ ಹೆಪ್ಪುಗಟ್ಟಿದ ರಕ್ತದ ಒಂದು ಸಣ್ಣ ತುಣುಕು. ಸಲೈನಿನಲ್ಲಿ ಮೆಲ್ಲಗೆ ತೊಳೆದೆ. ಮೊದಲು ಬರಲಿಲ್ಲ. ಎರಡನೇ ಸಲ ಗುಲಾಬಿ ಬಣ್ಣದ ನೀರು ಬಂತು, ಆಮೇಲೆ ತಿಳಿಯಾಗಿ ಹರಿಯಿತು. ಹೊಲಿಗೆ ಉಳಿಯಿತೋ ಇಲ್ಲವೋ ಆಗ ಹೇಳಲು ಬರುವ ಹಾಗಿರಲಿಲ್ಲ.

ತಪ್ಪು ನಮ್ಮದು. ಪೈಪು ಕಟ್ಟಿದರೆ ಕೂಗಬೇಕು ಅಂತ ಎಲ್ಲರಿಗೂ ಹೇಳಿದ್ದೆವು. ಒದ್ದೆಯಾದದ್ದನ್ನು ಮುಚ್ಚಿಡುವುದನ್ನೇ ನಾಲ್ಕು ವರ್ಷ ಕಲಿತವಳು ರಾತ್ರಿ ಮೂರು ಗಂಟೆಗೆ, ಮಲಗಿದವರ ನಡುವೆ, ನಾನು ಒದ್ದೆಯಾಗಿದ್ದೇನೆ ಅಂತ ಕೂಗುತ್ತಾಳಾ? ಅಂದಿನಿಂದ ಪದ್ಧತಿ ಬದಲಾಯಿಸಿದೆವು. ನಿನ್ನ ಬ್ಯಾಗನ್ನು ನೀನು ನೋಡಬೇಡ, ಪಕ್ಕದವಳದ್ದನ್ನು ನೋಡು. ಪಕ್ಕದವಳಿಗೋಸ್ಕರ ಕೂಗಲು ಯಾರಿಗೂ ನಾಚಿಕೆ ಇರಲಿಲ್ಲ. ನಾನು ಅಲ್ಲಿದ್ದಷ್ಟು ದಿನ ಮತ್ತೆ ಯಾರ ಪೈಪೂ ಅಷ್ಟು ಹೊತ್ತು ಕಟ್ಟಿಕೊಂಡು ಕೂರಲಿಲ್ಲ.

‘ಮುಚ್ಚಿದೆ’

ಹದಿನಾಲ್ಕನೇ ದಿನ ಮತ್ತೆ ನೀಲಿ ನೀರು. ಒಂದು ಹನಿಯೂ ಹೊರಬರಲಿಲ್ಲ. ಹೊಲಿಗೆ ಉಳಿದಿತ್ತು. ವಾರ್ಡಿನ ಹೆಂಗಸರು ನಾಲಿಗೆ ಆಡಿಸಿ ವಿಗೆಲೆಗೆಲೆ ಹಾಕಿದರು. ಮದುವೆ, ಹಬ್ಬದಲ್ಲಿ ಹಾಕುವ ಕೇಕೆ ಅದು. ನಾನು ರಿಜಿಸ್ಟರಿನಲ್ಲಿ ‘ಮುಚ್ಚಿದೆ’ ಅಂತ ಬರೆದೆ. ಪೈಪು ತೆಗೆದೆ. ನಿನಗೆ ಗುಣವಾಯಿತು ಕಣಮ್ಮ ಅಂತಲೂ ಹೇಳಿಬಿಟ್ಟೆ.

ಗುಣವಾದವರಿಗೆ ಹೊಸ ಬಟ್ಟೆ ಕೊಟ್ಟು ಕಳಿಸುವ ಪದ್ಧತಿ ಎಷ್ಟೋ ಕಡೆ ಇದೆ. ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ರೆಜಿನಾಲ್ಡ್ ಮತ್ತು ಕ್ಯಾಥರೀನ್ ಹ್ಯಾಮ್ಲಿನ್ ದಂಪತಿ 1974ರಲ್ಲಿ ತೆರೆದ ಫಿಸ್ಟುಲಾ ಆಸ್ಪತ್ರೆಯಲ್ಲೂ ಇದೆ. ಅವರ ಸಂಸ್ಥೆ ಇಲ್ಲಿಯವರೆಗೆ 60,000ಕ್ಕೂ ಹೆಚ್ಚು ಹೆಂಗಸರಿಗೆ ಚಿಕಿತ್ಸೆ ಕೊಟ್ಟಿದೆ. ನಾವು ಕೊಡುತ್ತಿದ್ದದ್ದು ಒಂದು ಜೋಡಿ ಹೊಸ ಕಾಂಗಾ. ಮಾರನೇ ಬೆಳಿಗ್ಗೆ ನೀಮಾಳ ಹಾಸಿಗೆಯ ಮೇಲೆ ಹಳದಿ ಕಾಂಗಾ ಇಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಎದ್ದು ನಿಂತಳು. ಕೆಮ್ಮಿದಳು. ಕಾಲಿನ ಒಳಗಡೆ ಒಂದು ಗೆರೆ ಹರಿದು ನೆಲ ಮುಟ್ಟಿತು.

ತೂತು ಇರಲಿಲ್ಲ, ಅದು ನಿಜ. ಆದರೆ ಮೂತ್ರವನ್ನು ತಡೆದು ಹಿಡಿಯುವ ಬಿಗಿಯೂ ಇರಲಿಲ್ಲ. ಕುತ್ತಿಗೆಯ ಹತ್ತಿರದ ತೂತು ಮುಚ್ಚಿದವರಲ್ಲಿ ಸಾಕಷ್ಟು ಮಂದಿಗೆ ಹೀಗಾಗುತ್ತದೆ. ಪರೀಕ್ಷೆ ಮಾಡಿದ ದಿನವೇ ಸರ್ಜನ್ ಅದನ್ನು ಹೇಳಿದ್ದರು. ನಾನು ಅವಳಿಗೆ ಹೇಳಿರಲಿಲ್ಲ. ಆಪರೇಷನ್ನಿಗೆ ಮೊದಲು ಧೈರ್ಯಗೆಡಿಸುವುದು ಬೇಡ ಅಂದುಕೊಂಡಿದ್ದೆ. ಈಗ ಅವಳ ಲೆಕ್ಕದಲ್ಲಿ ಎರಡೇ ಸಾಧ್ಯತೆ: ಒಂದೋ ತೂತು ಮತ್ತೆ ಆಗಿದೆ, ಇಲ್ಲ ನಾನು ಸುಳ್ಳು ಹೇಳಿದ್ದೇನೆ.

ಹಾಸಿಗೆ ಬೇಕಿತ್ತು, ಹೊರಗೆ ಕಾಯುವವರಿದ್ದರು. ಬಸ್ಸಿನ ದುಡ್ಡೂ ಸಿದ್ಧವಾಗಿತ್ತು. ದಾನಿಗಳಿಗೆ ಹೋಗುವ ವರದಿಯಲ್ಲಿ ಅವಳು ಆಗಲೇ ಯಶಸ್ಸಿನ ಕಾಲಮ್ಮಿನಲ್ಲಿದ್ದಳು. ಬರುಬರುತ್ತಾ ಸರಿಹೋಗುತ್ತದೆ ಅಂತ ಹೇಳಿ ಕಳಿಸಿಬಿಡುವುದು ಸುಲಭವಿತ್ತು. ಹಾಗೆ ಎಷ್ಟೋ ಜನರನ್ನು ಕಳಿಸಿದ್ದೆವು ಕೂಡ. ಆ ಹೆಂಗಸರ ಬಗ್ಗೆ ಈಗ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರು ಮನೆಗೆ ಹೋಗಿ ಏನು ಹೇಳಿರಬಹುದು?

ನೀಮಾಳನ್ನು ಕಳಿಸಲಿಲ್ಲ. ಅದಕ್ಕೆ ಕಾರಣ ನಮ್ಮ ಜಾಣತನ ಅಲ್ಲ, ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಹೊಸ ಕಾಂಗಾ ವಾಪಸ್ ತಗೊಳ್ಳಿ, ಇದನ್ನು ಹಾಳುಮಾಡಲಾರೆ ಅಂದಳು. ಸರ್ಜನ್ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಕಾಗದದ ಮೇಲೆ ಚಿತ್ರ ಬರೆದು, ಇದು ಚೀಲ, ಇದು ಅದರ ಬಾಯಿ, ತೂತು ಮುಚ್ಚಿದೆ, ಬಾಯಿ ಸಡಿಲವಾಗಿದೆ ಅಂತ ತೋರಿಸಿದರು. ಅರ್ಧ ಗಂಟೆ ಹಿಡಿಯಿತು. ಆಪರೇಷನ್ನಿಗೆ ಮೊದಲೇ ಆಗಬೇಕಿದ್ದ ಮಾತು.

ಬಟ್ಟೆಯ ಲೆಕ್ಕ

ಆಸ್ಪತ್ರೆಯ ಹಿಂದಿನ ಹಾಸ್ಟೆಲಿನಲ್ಲಿ ನಾಲ್ಕು ವಾರ ಇದ್ದಳು. ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ, ಗಂಟೆ ನೋಡಿಕೊಂಡು ಮೂತ್ರಕ್ಕೆ ಹೋಗುವುದು, ಮೆಲ್ಲಮೆಲ್ಲಗೆ ಆ ಅಂತರ ಹೆಚ್ಚಿಸುವುದು. ಸುಧಾರಿಸುತ್ತಿದೆಯಾ ಅಂತ ಕೇಳಿದರೆ ಅವಳು ಸುಮ್ಮನಿರುತ್ತಿದ್ದಳು. ಇವತ್ತು ಎಷ್ಟು ಬಟ್ಟೆ ಅಂತ ಕೇಳಿದರೆ ತಟ್ಟನೆ ಹೇಳುತ್ತಿದ್ದಳು. ಬಂದಾಗ ಎಂಟು. ಊರಿಗೆ ಹೊರಟಾಗ ನಾಲ್ಕು. ರಾತ್ರಿ ಮಲಗಿದಾಗ ಒಂದೂ ಇಲ್ಲ. ನಾಲ್ಕು ವರ್ಷದ ಮೇಲೆ ಅವಳು ಒಣ ಚಾಪೆಯ ಮೇಲೆ ಎದ್ದಳು.

ಮೂರು ತಿಂಗಳಿಗೆ ಫೋನಿನಲ್ಲಿ ಎರಡು ಅಂದಳು. ಆರು ತಿಂಗಳಿಗೆ, ದೂರ ನಡೆದ ದಿನ ಮಾತ್ರ ಒಂದು. ತಪಾಸಣೆಗೆ ಬರಲು ದುಡ್ಡು ಕಳಿಸುವಾಗ ಸಂಯೋಜಕಿ ಎರಡು ಸೀಟಿಗೆ ಕಳಿಸಲಾ ಅಂತ ಕೇಳಿದರಂತೆ. ಒಂದು ಸಾಕು ಅಂದಳಂತೆ.

ಆ ತಪಾಸಣೆಯಲ್ಲಿ ಇನ್ನೊಂದು ತೀರ್ಮಾನ ಬಂತು. ಮತ್ತೊಂದು ಆಪರೇಷನ್ ಮಾಡಿ ಆ ಬಾಯಿಯನ್ನು ಬಿಗಿ ಮಾಡಲು ನೋಡಬಹುದಿತ್ತು. ಪೂರ್ತಿ ಒಣಗಬಹುದು. ಹಳೇ ಹೊಲಿಗೆ ಬಿಟ್ಟುಕೊಂಡು ಮತ್ತೆ ತೂತಾಗುವ ಅಪಾಯವೂ ಇತ್ತು. ನಮಗೆ, ನನಗಂತೂ, ಪೂರ್ತಿ ಗುಣಪಡಿಸಬೇಕು ಅನ್ನುವ ಆಸೆ. ಈ ಸಲ ಎರಡನ್ನೂ ಬಿಡಿಸಿ ಹೇಳಿದೆವು. ಅವಳು ಒಂದು ರಾತ್ರಿ ಯೋಚಿಸಿದಳು. ಬೇಡ ಅಂದಳು. “ಚರ್ಚಿನಲ್ಲಿ ಕೊನೆಯವರೆಗೂ ಕೂರುತ್ತೇನೆ. ಸಂತೆಗೆ ಹೋಗುತ್ತೇನೆ. ಒಂದು ಬಟ್ಟೆಯಲ್ಲವಾ ಸಿಸ್ಟಾ, ಒಗೆದುಕೊಳ್ಳುತ್ತೇನೆ.”

ಈ ಆಪರೇಷನ್ನಿನ ಚರಿತ್ರೆ ಓದಿದವರಿಗೆ ಆ ‘ಬೇಡ’ದ ತೂಕ ಗೊತ್ತಾಗುತ್ತದೆ. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಮೇರಿಯನ್ ಸಿಮ್ಸ್ ಎಂಬ ವೈದ್ಯ ಇದನ್ನು ಕಲಿತದ್ದು ಗುಲಾಮ ಹೆಂಗಸರ ಮೈಮೇಲೆ, ಅರಿವಳಿಕೆ ಕೊಡದೆ. ಅನಾರ್ಕಾ ಎಂಬಾಕೆಯನ್ನು ಸುಮಾರು 30 ಸಲ ಕೊಯ್ದರು. ಬೇಕಾ ಬೇಡವಾ ಅಂತ ಕೇಳಿಸಿಕೊಳ್ಳುವ ಹಕ್ಕೇ ಅವಳಿಗಿರಲಿಲ್ಲ.

ನಮ್ಮ ರಿಜಿಸ್ಟರಿನಲ್ಲಿ ಈಗ ‘ಮುಚ್ಚಿದೆ’ ಪಕ್ಕದಲ್ಲಿ ಇನ್ನೊಂದು ಕಾಲಮ್ ಇದೆ: ದಿನಕ್ಕೆ ಎಷ್ಟು ಬಟ್ಟೆ. ಬಂದಾಗ, ಹೊರಟಾಗ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಅದನ್ನು ತುಂಬಿಸಲು ಫೋನ್ ಮಾಡಬೇಕು, ಕೆಲವರನ್ನು ಹುಡುಕಿಸಬೇಕು. ದಾನಿಗಳು ಆಪರೇಷನ್ನಿಗೆ ಸಂತೋಷದಿಂದ ಕೊಡುತ್ತಾರೆ, ಆರು ತಿಂಗಳ ಆಮೇಲಿನ ಫೋನಿಗೆ ಮತ್ತು ಹಾಸ್ಟೆಲಿನ ನಾಲ್ಕು ವಾರದ ಊಟಕ್ಕೆ ಕೊಡಿ ಅಂದರೆ ಸ್ವಲ್ಪ ಯೋಚಿಸುತ್ತಾರೆ. ಇದನ್ನು ಓದುವವರಲ್ಲಿ ಇಂಥ ಕೆಲಸಕ್ಕೆ ದುಡ್ಡು ಕೊಡುವವರು ಇದ್ದರೆ, ದಯವಿಟ್ಟು ಅದಕ್ಕೂ ಕೊಡಿ. ಆ ಕಾಲಮ್ ಬಂದ ಮೇಲೆ ನಮ್ಮ ಯಶಸ್ಸಿನ ಸಂಖ್ಯೆ ಕಡಿಮೆಯಾಯಿತು. ಕಡಿಮೆಯಾದ ಸಂಖ್ಯೆಯನ್ನೇ ವರದಿಯಲ್ಲಿ ಹಾಕಿದೆವು.

ಪಾದ ಇನ್ನೂ ಪೂರ್ತಿ ಏಳುವುದಿಲ್ಲ. ಆದರೆ ಹೆಬ್ಬೆರಳು ನೆಲಕ್ಕೆ ಉಜ್ಜುವುದು ನಿಂತಿದೆ. ಗಂಡ ಅವಳನ್ನು ಕರೆದುಕೊಂಡು ಹೋಗಿದ್ದಾನೆ, ಅವನ ಅಪ್ಪನ ಮನೆಗಲ್ಲ, ಪಕ್ಕದಲ್ಲಿ ಬೇರೆ ಕಟ್ಟಿದ ಒಂದು ಕೋಣೆಗೆ.

ಡಿಸ್ಚಾರ್ಜ್ ಆಗುವಾಗ ನಾವು ಕೊಟ್ಟ ಕಾರ್ಡಿನಲ್ಲಿ ಸ್ವಾಹಿಲಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ: ಈಕೆಗೆ ಫಿಸ್ಟುಲಾ ಆಪರೇಷನ್ ಆಗಿದೆ. ಮುಂದಿನ ಹೆರಿಗೆ ನೋವು ಶುರುವಾಗುವ ಮೊದಲೇ ಸಿಸೇರಿಯನ್ ಆಗಬೇಕು. ಅದನ್ನು ಅವಳು ಸಕ್ಕರೆಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಮತ್ತೆ ಬಸುರಿ ಅಂತ ಗೊತ್ತಾದ ತಿಂಗಳೇ ಡಿಸ್ಪೆನ್ಸರಿಗೆ ಹೋಗಿ ತೋರಿಸಿದಳು. ಅಲ್ಲಿನ ನರ್ಸ್, ಹಿಂದೆ ಚೀಟಿ ಬರೆದುಕೊಟ್ಟವರೇ, ಕಾರ್ಡು ಓದಿ ನಮಗೆ ಫೋನ್ ಮಾಡಿದರು. ಹೆರಿಗೆಗೆ ಒಂದು ತಿಂಗಳು ಮೊದಲೇ ಬಂದು, ದೊಡ್ಡಾಸ್ಪತ್ರೆಯ ಪಕ್ಕದ ಬಸುರಿಯರ ಮನೆಯಲ್ಲಿ ಇರುವುದು ಅಂತ ಮಾತಾಯಿತು. ಸಿಸೇರಿಯನ್ ಆದ ಮೇಲೆ ಪೈಪನ್ನು ಬೇಗ ತೆಗೆಯಬೇಡಿ ಅಂತ ಅಲ್ಲಿನ ಡಾಕ್ಟರಿಗೆ ನಮ್ಮ ಸರ್ಜನ್ ಪತ್ರ ಬರೆದಿದ್ದಾರೆ.

ನಾನು ಈಗ ಊರಿಗೆ ವಾಪಸ್ ಬಂದಿದ್ದೇನೆ. ಸಂಯೋಜಕಿ ಮೊನ್ನೆ ಮೆಸೇಜ್ ಮಾಡಿದ್ದರು. ಬಸ್ಸಿನ ದುಡ್ಡು ಸೋಮವಾರ ಹೋಯಿತು. ಎರಡು ಸೀಟು. ಒಂದು ನೀಮಾಳಿಗೆ, ಒಂದು ಅವಳ ಅಮ್ಮನಿಗೆ.